ಮೇ.ದೋ. ಬಾಬ್ತು

ಅಮ್ಮನ ಲೆಕ್ಕದ ಪುಸ್ತಕ ಅಂಗಡಿಯಿಂದ ಬಂದದ್ದಲ್ಲ. ಅಪ್ಪ ಮೇಷ್ಟ್ರಾಗಿದ್ದ ಶಾಲೆಯಲ್ಲಿ ವರ್ಷ ಮುಗಿದು ಮೂಲೆ ಸೇರಿದ ಹಾಜರಿ ಪುಸ್ತಕ ಅದು. ಎಡಗಡೆ ಹುಡುಗರ ಹೆಸರುಗಳು ಹಾಗೇ ಇರುತ್ತಿದ್ದವು. ಬಲಗಡೆ ಖಾಲಿ ಉಳಿದ ಚೌಕಗಳಲ್ಲಿ ಅಮ್ಮ ಸಂಸಾರ ನಡೆಸುತ್ತಿದ್ದಳು. ಒಂದನೇ ನಂಬರಿನ ಹುಡುಗನ ಸಾಲಿನಲ್ಲಿ ಹಾಲು, ಎರಡನೆಯವನದರಲ್ಲಿ ಉಪ್ಪು, ಮೂರನೆಯವನದರಲ್ಲಿ ಬೆಂಕಿಪೊಟ್ಟಣ, ಏಳನೆಯವನದರಲ್ಲಿ ಸೀಮೆಎಣ್ಣೆ. ಆ ಹುಡುಗರು ಶಾಲೆಗೆ ಎಷ್ಟು ದಿನ ಚಕ್ಕರ್ ಹೊಡೆದಿದ್ದರೋ ಏನೋ, ನಮ್ಮ ಮನೆಯಲ್ಲಿ ಮಾತ್ರ ಒಂದು ದಿನವೂ ತಪ್ಪದೆ ಹಾಜರಿರುತ್ತಿದ್ದರು.

ಚೌಕ ಚಿಕ್ಕದಾದ್ದರಿಂದ ಅಮ್ಮನ ಬರಹವೂ ಚುಟುಕು. 'ಕ.ಎ.' ಅಂದರೆ ಕಡಲೆಕಾಯಿ ಎಣ್ಣೆ. 'ಅ.ಮಾ.' ಅಂದರೆ ಅಜ್ಜಿಯ ಮಾತ್ರೆ. 'ದೇ.ಹು.' ಅಂದರೆ ದೇವರ ಹುಂಡಿ. ನಾವು ಮೂವರು ಮಕ್ಕಳು ಕನ್ನಡ ಪುಸ್ತಕದ ಸಂಧಿ ಸಮಾಸಗಳನ್ನು ಬಿಡಿಸಲಾರದೆ ಒದ್ದಾಡುತ್ತಿದ್ದರೂ ಅಮ್ಮನ ಈ ಪದಗಳನ್ನೆಲ್ಲ ಸರಾಗವಾಗಿ ಬಿಡಿಸುತ್ತಿದ್ದೆವು. ಬಗ್ಗದೇ ಉಳಿದದ್ದು ಒಂದೇ. ಪ್ರತಿ ತಿಂಗಳ ಮೊದಲ ವಾರದಲ್ಲಿ, ಒಂದೇ ಒಂದು ಸಲ, ಬರುತ್ತಿದ್ದ 'ಮೇ.ದೋ. 1-50'.

ಅಮ್ಮನನ್ನು ಕೇಳಿದರೆ "ನಿನಗ್ಯಾಕೆ ಅದು, ಮಗ್ಗಿ ಹೇಳು" ಅನ್ನುತ್ತಿದ್ದಳು. ಅಪ್ಪನಿಗೆ ಲೆಕ್ಕದ ಪುಸ್ತಕ ಕಂಡರೇ ಆಗುತ್ತಿರಲಿಲ್ಲ. ಕೊನೆಗೆ ಅಕ್ಕ ಅದನ್ನು ಓದು ಬಾರದ ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಅರೆಗಳಿಗೆ ಕಣ್ಣು ಮುಚ್ಚಿ ತೀರ್ಪು ಕೊಟ್ಟಳು: "ನಿಮ್ಮಪ್ಪಂದು ಮೇಷ ರಾಶಿ. ಮೇಷಕ್ಕೆ ದೋಷ. ನಿಮ್ಮಮ್ಮ ಗುಟ್ಟಾಗಿ ಪರಿಹಾರ ಮಾಡಿಸ್ತಾವ್ಳೆ. ಬಾಯಿ ಬಿಟ್ಟೀರಾ, ಫಲ ಹೋಗುತ್ತೆ." ಅಂದಿನಿಂದ ನಾವು ಮೂವರೂ ಅಪ್ಪನನ್ನು ಒಂಥರಾ ಕನಿಕರದಿಂದ ನೋಡತೊಡಗಿದೆವು. ಅಪ್ಪ ಎಡವಿದರೂ ದೋಷ, ಸೀನಿದರೂ ದೋಷ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಗಡಿಯಂಚಿನ ಹಳ್ಳಿ. ನಮ್ಮ ಹೊಲಗಳನ್ನು ದಾಟಿ ಸ್ವಲ್ಪ ದೂರ ಹೋದರೆ ಆಂಧ್ರ. ಅಜ್ಜಿ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಹರಸುತ್ತಿದ್ದಳು. ಯಾವ ಭಾಷೆ ಶುರುವಾಯಿತು ಅನ್ನುವುದರ ಮೇಲೆ ನಾವು ಓಡಬೇಕೋ ನಿಲ್ಲಬೇಕೋ ತೀರ್ಮಾನವಾಗುತ್ತಿತ್ತು. ಕೋಲಾರ ಅಂದರೆ ಚಿನ್ನದ ಜಿಲ್ಲೆ ಎಂದು ಶಾಲೆಯಲ್ಲಿ ಅಪ್ಪನೇ ಪಾಠ ಮಾಡುತ್ತಿದ್ದರು. ಅಮ್ಮನ ಮೈಮೇಲೆ ಆ ಜಿಲ್ಲೆಯ ಗುರುತು ಅಂತ ಇದ್ದದ್ದು ಒಂದು ಜೊತೆ ಓಲೆ. ಅದೂ ವರ್ಷದಲ್ಲಿ ಆರು ತಿಂಗಳು ಸೊಸೈಟಿಯಲ್ಲಿ ಇರುತ್ತಿತ್ತು.

ಇಂಥ ಮನೆಯಲ್ಲಿ 1986ರ ಜನವರಿಯಲ್ಲಿ ಕುರುಡುಮಲೆಗೆ ಹೋಗುವ ಮಾತು ಎದ್ದಿತು. ಕಾರಣ ಎರಡು. ಅಕ್ಕನಿಗೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ನಮ್ಮ ಕಡೆ ಯಾವ ಕೆಲಸ ಶುರು ಮಾಡಬೇಕಾದರೂ ಮೊದಲು ಕುರುಡುಮಲೆ ಗಣಪತಿಗೆ ಹೇಳಬೇಕು. ಎರಡನೆಯದು ಅಜ್ಜಿಯ ಕಣ್ಣು. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತದ್ದು ಮೊಮ್ಮಗನೋ ಒನಕೆಯೋ ತಿಳಿಯದ ಹಾಗಾಗಿತ್ತು. "ಕುರುಡಾಗೋಕೆ ಮುಂಚೆ ಕುರುಡುಮಲೆ ನೋಡಿಬಿಡ್ತೀನಿ" ಎಂದು ಹಟ ಹಿಡಿದಿದ್ದಳು. ಅದು ಕುರುಡಲ್ಲ, ದೇವತೆಗಳೆಲ್ಲ ಕೂಡಿದ ಮಲೆ, ಕೂಡುಮಲೆ, ಜನರ ಬಾಯಲ್ಲಿ ಕುರುಡುಮಲೆಯಾಯಿತು ಎಂದು ಅಪ್ಪ ತಿದ್ದಿದರು. "ಆಗಲಪ್ಪ, ಕೂಡೇ ಹೋಗೋಣ" ಅಂದಳು ಅಜ್ಜಿ.

ದುಡ್ಡು ಹೊಂದಿಸುವ ಕೆಲಸ ಅಮ್ಮನದು. ಆಗ ಎಲ್ಲೆಲ್ಲೂ ಪ್ಲಾಸ್ಟಿಕ್ ವೈರಿನ ಬ್ಯಾಗು ಹೆಣೆಯುವ ಹುಚ್ಚು. ಅಮ್ಮ ಅಂಗಡಿಯಲ್ಲಿ ಹೊಸ ಕಟ್ಟು ಕೊಳ್ಳದೆ, ಮಾರಿ ಉಳಿದ ತುಂಡು ಕಟ್ಟುಗಳನ್ನು ಕಡಿಮೆ ಬೆಲೆಗೆ ತರಿಸುತ್ತಿದ್ದಳು. ಅದಕ್ಕೇ ಅವಳ ಬ್ಯಾಗುಗಳಲ್ಲಿ ಒಂದೇ ಬಣ್ಣ ತಳದಿಂದ ಹಿಡಿಯವರೆಗೆ ಬಂದದ್ದು ನಾನು ನೋಡಿಲ್ಲ. ಹಸಿರಾಗಿ ಶುರುವಾಗಿ, ಸೊಂಟದ ಹತ್ತಿರ ಹಳದಿಯಾಗಿ, ಕೊನೆಗೆ ಹಿಡಿಗೆ ಬರುವ ಹೊತ್ತಿಗೆ ಗುಲಾಬಿಯಾಗಿರುತ್ತಿತ್ತು. ಕೇಳಿದವರಿಗೆ "ಡಿಸೈನು" ಅನ್ನುತ್ತಿದ್ದಳು. ಆ ಡಿಸೈನಿಗೆ ಊರಲ್ಲಿ ಬೇಡಿಕೆಯೂ ಹುಟ್ಟಿ, ಹೊಸ ಕಟ್ಟು ಕೊಂಡು ಒಂದೇ ಬಣ್ಣದಲ್ಲಿ ಹೆಣೆಯುತ್ತಿದ್ದ ಪಕ್ಕದ ಬೀದಿಯವರು ನಷ್ಟಕ್ಕೆ ಬಿದ್ದರು. ಮೂರು ಬ್ಯಾಗು ಮಾರಿ ಬಂದ ದುಡ್ಡು ಸಾಸಿವೆ ಡಬ್ಬಿ ಸೇರಿತು. ಅಮ್ಮ ಹಾಜರಿ ಪುಸ್ತಕ ತೆರೆದು ಬರೆದಳು: ಬಸ್ಸಿಗೆ ಇಷ್ಟು, ಹಣ್ಣುಕಾಯಿಗೆ ಇಷ್ಟು, ಮಂಗಳಾರತಿ ತಟ್ಟೆಗೆ ಇಷ್ಟು. ಕೊನೆಯ ಸಾಲನ್ನು ನಮಗೆ ಕೇಳಿಸುವಂತೆ ಓದಿದಳು: "ಬರುವಾಗ ಮುಳಬಾಗಿಲಲ್ಲಿ ಎಲ್ಲರಿಗೂ ದೋಸೆ."

ಮುಳಬಾಗಿಲು ದೋಸೆ ಅಂದರೆ ಏನು ಎನ್ನುವುದು ತಿಂದವರಿಗೆ ಗೊತ್ತು. ನಾವು ತಿಂದಿರಲಿಲ್ಲವಾದ್ದರಿಂದ ನಮಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅಂಗೈ ದಪ್ಪ, ಮೇಲೆ ಗರಿಗರಿ ಕೆಂಪು, ಒಳಗೆ ಹತ್ತಿಯ ಹಾಗೆ ಮೆತ್ತಗೆ, ತುಪ್ಪ ಮಾತ್ರ ಸುರಿದದ್ದು. ನಮ್ಮ ಮನೆಯಲ್ಲಿ ತುಪ್ಪ ಬೆರಳಿನ ತುದಿಯಲ್ಲಿ ಬರುವ ಪದಾರ್ಥ. ಅದನ್ನು ಸುರಿಯುವ ಜನರೂ ಇದ್ದಾರೆ ಅನ್ನುವುದೇ ನಮಗೆ ಪುರಾಣದ ಕಥೆಯಾಗಿತ್ತು. ಹಾಲಿನ ಸಮುದ್ರ ಇದ್ದಂತೆ, ಮೊಸರಿನ ಸಮುದ್ರ ಇದ್ದಂತೆ.

ಹಿಂದಿನ ರಾತ್ರಿ ಮನೆಗೆ ಮನೆಯೇ ಕೆಲಸಕ್ಕೆ ಕೂತಿತು. ಜನವರಿ ಅಂದರೆ ಅವರೆಕಾಯಿ ಕಾಲ. ಇಬ್ಬನಿ ಬಿದ್ದು ಸೊಗಡು ಏರಿದ ಕಾಯಿ ಬಿಡಿಸಿ ನೆನೆಹಾಕಿದ್ದ ಕಾಳನ್ನು ನಡುವೆ ಇಟ್ಟುಕೊಂಡು ಎಲ್ಲರೂ ಹಿತಕುವುದು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳಬೇಕು. ತಮ್ಮ ಹಿತಕಿದ್ದು ಅಪ್ಪನ ಕನ್ನಡಕಕ್ಕೆ ಬೀಳುತ್ತಿತ್ತು. ಹಿತಕಿದ ಬೇಳೆ ಅಂದು ರಾತ್ರಿಯ ಸಾರಿಗೆ. ಹಿತಕದೆ ಉಳಿದ ಕಾಳು ಮಾರನೆಯ ದಿನದ ಚಿತ್ರಾನ್ನಕ್ಕೆ. ಸಿಪ್ಪೆ ಎದುರುಮನೆಯ ಹಸುವಿಗೆ. ಹಸುವಿನ ಮನೆಯವರು ಸಿಪ್ಪೆಗೆ ಬದಲಾಗಿ ಮಜ್ಜಿಗೆ ಕೊಡುತ್ತಿದ್ದರು. ಆ ಮಜ್ಜಿಗೆಗೆ ನೀರು ಬೆರೆಸಿ, ಇಂಗು ಒಗ್ಗರಣೆ ಕೊಟ್ಟು, ಅಮ್ಮ ಇನ್ನೊಂದು ಹೊತ್ತು ದಾಟಿಸುತ್ತಿದ್ದಳು. ನಮ್ಮ ಮನೆಯಿಂದ ವ್ಯರ್ಥವಾಗಿ ಹೊರಗೆ ಹೋಗುತ್ತಿದ್ದದ್ದು ಅಪ್ಪ ನಮಗೆ ಹೇಳುತ್ತಿದ್ದ ಬುದ್ಧಿಮಾತು ಒಂದೇ.

ಬೆಳಗಿನ ಜಾವ ನಾಲ್ಕಕ್ಕೆ ಒಗ್ಗರಣೆ ಸಿಡಿಯಿತು. ಅವರೆಕಾಳಿನ ಚಿತ್ರಾನ್ನ, ಮೊಸರನ್ನ, ನೆಂಚಿಕೊಳ್ಳಲು ಹುಣಸೆತೊಕ್ಕು, ಸಂಕ್ರಾಂತಿಯಲ್ಲಿ ಉಳಿದ ಎಳ್ಳುಬೆಲ್ಲ. ಮುತ್ತುಗದ ಎಲೆ, ನೀರಿನ ಕೂಜ, ಕೂರುವುದಕ್ಕೆ ಅಜ್ಜಿ ಹೊಲಿದ ಬೊಂತೆ. ಎಲ್ಲವೂ ಹಸಿರಾಗಿ ಶುರುವಾಗಿ ಗುಲಾಬಿಯಾಗಿ ಮುಗಿಯುವ ಬ್ಯಾಗಿನಲ್ಲಿ ಕೂತವು. ಬಸ್ಸು ಹತ್ತುವ ಮುಂಚೆ ಅಮ್ಮ ನಮ್ಮನ್ನು ಸಾಲಾಗಿ ನಿಲ್ಲಿಸಿ ವಯಸ್ಸು ಹಂಚಿದಳು. ನಮಗೆ ಒಬ್ಬೊಬ್ಬರಿಗೂ ಮೂರು ವಯಸ್ಸು: ಜಾತಕದ್ದು, ಶಾಲೆಯದು, ಬಸ್ಸಿನದು. ಬಸ್ಸಿನ ಲೆಕ್ಕದಲ್ಲಿ ಅಕ್ಕನಿಗೂ ನನಗೂ ಅರ್ಧ ಟಿಕೆಟು, ತಮ್ಮ ಇನ್ನೂ ಕಂಕುಳ ಕೂಸು. ಆ ಕೂಸು ಎರಡನೇ ಕ್ಲಾಸಿನಲ್ಲಿತ್ತು.

ಎಲ್ಲವೂ ಸರಿಹೋಗುತ್ತಿತ್ತು, ಕಂಡಕ್ಟರು ಅಪ್ಪನ ಶಿಷ್ಯನಾಗಿರದಿದ್ದರೆ.

"ಏನ್ ಮೇಷ್ಟ್ರೇ, ನೀವಾ! ಕುತ್ಕಳಿ, ಕುತ್ಕಳಿ" ಎಂದು ಕಂಡಕ್ಟರು ಎರಡು ಸೀಟು ಖಾಲಿ ಮಾಡಿಸಿಕೊಟ್ಟ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, "ಲೇ, ಹಾಜರಿಯಲ್ಲಿ ಏಳನೇ ನಂಬರು ಅಲ್ವೇನೋ ನೀನು?" ಅಂದರು. ಕಂಡಕ್ಟರಿಗೆ ಆನಂದವಾಯಿತು. ಅಮ್ಮನಿಗೂ ಆಯಿತು. "ಓಹೋ, ಸೀಮೆಎಣ್ಣೆ!" ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಆತ ಪಾಪ ತನ್ನ ಬಟ್ಟೆ ಮೂಸಿ ನೋಡಿಕೊಂಡ.

"ನಿಮ್ಮತ್ರ ಟಿಕೆಟ್ ಈಸ್ಕೊಂಡ್ರೆ ನನಗೆ ಒಳ್ಳೇದಾಗುತ್ತಾ ಮೇಷ್ಟ್ರೇ" ಎಂದು ಆತ ಮುಂದೆ ಹೋಗಲು ನೋಡಿದ. ಅಮ್ಮನ ಮುಖ ಅರಳಿತು. ಅಪ್ಪ ಆತನ ಕೈ ಹಿಡಿದು ನಿಲ್ಲಿಸಿದರು. "ಇದು ಸರ್ಕಾರದ ಬಸ್ಸು. ನಾನು ನಿನಗೆ ಇದನ್ನೇ ಏನೋ ಕಲಿಸಿದ್ದು?" ಎಂದು ಶುರುವಾದವರು, ನಮ್ಮ ಮೂವರ ಜನ್ಮದಿನ, ತಿಂಗಳು, ಇಸವಿಯನ್ನು ಬಸ್ಸಿಗೆಲ್ಲ ಕೇಳುವಂತೆ ಒಪ್ಪಿಸಿದರು. ಅಕ್ಕನಿಗೆ ಪೂರ್ತಿ ಟಿಕೆಟು ಬಂತು. ಕಂಕುಳ ಕೂಸಿಗೆ ಅರ್ಧ ಬಂತು. ಬಸ್ಸಿನಲ್ಲಿದ್ದ ಇನ್ನೆರಡು ಕೂಸುಗಳ ತಾಯಂದಿರೂ ಗಾಬರಿಯಾಗಿ ಸೆರಗು ಮುಚ್ಚಿದರು. ಅಮ್ಮ ಸಾಸಿವೆ ಡಬ್ಬಿಯ ದುಡ್ಡು ಎಣಿಸಿ ಕೊಟ್ಟು, ಕಿಟಕಿಯ ಕಡೆ ತಿರುಗಿದವಳು ಮುಳಬಾಗಿಲು ಬರುವವರೆಗೂ ಈ ಕಡೆ ತಿರುಗಲಿಲ್ಲ. ಅವಳು ಮನಸ್ಸಿನಲ್ಲಿ ದೋಸೆಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದಾಳೆ ಎಂದು ನಮಗೆ ತಿಳಿಯುತ್ತಿತ್ತು.

ಅಪ್ಪನಿಗೆ ತಾವು ಮಾಡಿದ ಅನಾಹುತದ ಅರಿವಾದಾಗಲೆಲ್ಲ ಇತಿಹಾಸ ಹೇಳುವ ಅಭ್ಯಾಸ. ಮುಳಬಾಗಿಲಲ್ಲಿ ಇಳಿದು ಕುರುಡುಮಲೆ ಬಸ್ಸಿಗೆ ಕಾಯುತ್ತಿದ್ದ ಹೊತ್ತೆಲ್ಲ ಅದೇ ಆಯಿತು. ಇದು ಮೂಡಲ ಬಾಗಿಲು, ಅದಕ್ಕೇ ಮುಳಬಾಗಿಲು. ಇಲ್ಲಿಯ ಆಂಜನೇಯನನ್ನು ಅರ್ಜುನ ಪ್ರತಿಷ್ಠೆ ಮಾಡಿದನಂತೆ. ಅಲ್ಲಿ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ. ಮತ್ತೆ ಎಲ್ಲಕ್ಕಿಂತ ಮುಖ್ಯ, ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. "ಡಿವಿಜಿ ತಮಗೆ ಬಂದ ಚೆಕ್ಕುಗಳನ್ನು ನಗದು ಮಾಡಿಸದೆ ಪೆಟ್ಟಿಗೆಯಲ್ಲೇ ಇಟ್ಟುಬಿಟ್ಟಿದ್ದರಂತೆ. ಅಂಥವರು ಹುಟ್ಟಿದ ಮಣ್ಣು ಇದು" ಅಂದರು ಅಪ್ಪ, ಟಿಕೆಟಿನ ವಿಷಯಕ್ಕೆ ಸಮಾಧಾನ ಹೇಳುವ ದನಿಯಲ್ಲಿ.

ಟಿಕೆಟು ಕೊಂಡ ಮೇಲೆ ಅಮ್ಮ ಮೊದಲ ಮಾತು ಆಡಿದಳು: "ಹಾಗೆ ಇಟ್ಟುಬಿಡೋಕೆ ಮೊದಲು ಚೆಕ್ಕು ಬರಬೇಕು, ರೀ."

ಕುರುಡುಮಲೆ ಅಲ್ಲಿಂದ ಸುಮಾರು 10 ಕಿಲೋಮೀಟರ್. ಬಂಡೆಗುಡ್ಡಗಳ ನಡುವೆ ಸಣ್ಣ ಊರು, ಊರಿಗಿಂತ ದೊಡ್ಡ ದೇವರು. ಒಂದೇ ಸಾಲಿಗ್ರಾಮ ಶಿಲೆಯ ಗಣಪತಿ, ಹದಿಮೂರೂವರೆ ಅಡಿ ಎತ್ತರ ಎನ್ನುತ್ತಾರೆ. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಡುವ ಮೊದಲು ಬ್ರಹ್ಮ, ವಿಷ್ಣು, ಮಹೇಶ್ವರರು ಮೂವರೂ ಕೂಡಿ ಸ್ಥಾಪಿಸಿದ್ದು ಎಂದು ಸ್ಥಳಪುರಾಣ. ಗುಡಿ ಕಟ್ಟಿಸಿದ್ದು ಕೃಷ್ಣದೇವರಾಯ ಎಂದು ಊರವರ ಮಾತು. ನಮ್ಮ ಮನೆಯ ಗಣಪ ಅಂದರೆ ಚೌತಿಗೆ ಕೆರೆಯ ಮಣ್ಣಿನಲ್ಲಿ ಅಪ್ಪನೇ ಮಾಡುತ್ತಿದ್ದ ಗೇಣುದ್ದದವನು. ಅವನಿಗೆ ಐದು ಕಡುಬು ಸಾಕಾಗುತ್ತಿತ್ತು. ಒಳಗೆ ಕಾಲಿಟ್ಟು ತಲೆ ಎತ್ತಿದ ತಮ್ಮ, "ಅಮ್ಮಾ, ಇವನಿಗೆ ಎಷ್ಟು ಕಡುಬು ಬೇಕು?" ಅಂದ. ಅಮ್ಮ ನಿಜವಾಗಿಯೂ ಲೆಕ್ಕ ಹಾಕಲು ಶುರುಮಾಡಿದ್ದನ್ನು ನಾನು ನೋಡಿದೆ.

ಅಜ್ಜಿಯನ್ನು ಇಬ್ಬರು ಹಿಡಿದು ಹೊಸಿಲ ಹತ್ತಿರ ತಂದರು. ಅರ್ಚಕರು ಆರತಿ ಎತ್ತಿದರು. ಆ ಕಪ್ಪು ಕಲ್ಲಿನ ಮೇಲೆ ಬೆಳಕು ಕೆಳಗಿನಿಂದ ಮೇಲಕ್ಕೆ, ಹೊಟ್ಟೆಯಿಂದ ಸೊಂಡಿಲಿಗೆ, ಸೊಂಡಿಲಿನಿಂದ ಹಣೆಗೆ ಹೋಯಿತು. ಅಜ್ಜಿ ಅಲುಗಾಡದೆ ನಿಂತಿದ್ದಳು. ಆಮೇಲೆ ನಿಧಾನವಾಗಿ ಕೈ ಎತ್ತಿ, ಗಾಳಿಯಲ್ಲಿ ಆ ಆಕಾರವನ್ನು ಸವರಿದಳು.

"ಕಾಣ್ತಾವ್ನೆ" ಅಂದಳು. "ಪೂರ್ತಿ ಕಾಣ್ತಾವ್ನೆ. ಇಷ್ಟು ದೊಡ್ಡೋನ್ನ ಮಾಡಿಟ್ಟೋರು ನನ್ನಂಥೋಳ್ನ ನೆನೆಸಿಕೊಂಡೇ ಮಾಡವ್ರೆ."

ಅದುವರೆಗೆ ಬಾಯಿಗೆ ಬಿಡುವಿಲ್ಲದಂತೆ ಕೃಷ್ಣದೇವರಾಯನ ವಿಷಯ ಹೇಳುತ್ತಿದ್ದ ಅಪ್ಪ ಸುಮ್ಮನಾದರು. ಅಮ್ಮ ಮಂಗಳಾರತಿ ತಟ್ಟೆಗೆ ಲೆಕ್ಕದಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಹಾಕಿದಳು. ಉಳಿದಿದ್ದ ಅರ್ಧ ದೋಸೆಯೂ ಅಲ್ಲಿಗೆ ಹೋಯಿತು.

ಪಕ್ಕದಲ್ಲೇ ಸೋಮೇಶ್ವರನ ಗುಡಿ. ಅದು ಇನ್ನೂ ಹಳೆಯದು, ಚೋಳರ ಕಾಲದ್ದು. ಅದರ ಅರ್ಧ ಭಾಗ ಅಪ್ಪ ಜಕಣಾಚಾರಿಯದು, ಇನ್ನರ್ಧ ಮಗ ಡಂಕಣಾಚಾರಿಯದು ಎಂದು ಜನ ಹೇಳುತ್ತಾರೆ. ಅಪ್ಪನದು ಯಾವುದು, ಮಗನದು ಯಾವುದು ಎಂದು ಪತ್ತೆ ಮಾಡಲು ನಾವು ಮೂರು ಸುತ್ತು ಹಾಕಿದೆವು. ಚೆನ್ನಾಗಿರುವ ಭಾಗವೆಲ್ಲ ಮಗನದು ಎಂದು ನಾನೂ ತಮ್ಮನೂ, ಅಪ್ಪನದು ಎಂದು ಅಪ್ಪನೂ ವಾದ ಮಾಡಿದೆವು. ನೆರಳಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಅಜ್ಜಿ ಕೊನೆಗೆ ಕೇಳಿದಳು: "ಅದಿರಲಿ, ಅಷ್ಟು ವರ್ಷ ಇಬ್ಬರೂ ಕಲ್ಲು ಹೊಡ್ಕೊಂಡು ಕೂತಿದ್ರಲ್ಲ, ಮುದ್ದೆ ಯಾರು ತೊಳಸಿ ತಂದ್ಕೊಡ್ತಿದ್ರು?" ಅಪ್ಪನ ಇತಿಹಾಸದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅಮ್ಮನಿಗೆ ಅವತ್ತಿನ ಮೊದಲ ನಗು ಬಂತು.

ಹುಣಸೆಮರದ ಕೆಳಗೆ ಬೊಂತೆ ಹಾಸಿದೆವು. ಅಜ್ಜಿ ಕಣ್ಣು ನೆಟ್ಟಗಿದ್ದಾಗ ಹೊಲಿದ ಬೊಂತೆ ಅದು. ನಮ್ಮ ಮನೆತನದ ಚರಿತ್ರೆಯೆಲ್ಲ ಅದರಲ್ಲಿತ್ತು. ಈ ನೀಲಿ ತುಂಡು ಅಮ್ಮನ ಧಾರೆಯ ಮಾರನೇ ದಿನದ ಸೀರೆ, ಈ ಪಟ್ಟೆ ತಾತನ ಅಂಗಿ, ಈ ಕೆಂಪು ತಮ್ಮನ ತೊಟ್ಟಿಲಿನದು. ತಾತನ ಅಂಗಿಯ ಮೇಲೆ ಕೂರಲು ಅಜ್ಜಿ ಯಾರಿಗೂ ಬಿಡುತ್ತಿರಲಿಲ್ಲ, ಅಲ್ಲಿ ತಾನೇ ಕೂರುತ್ತಿದ್ದಳು. ಚಿತ್ರಾನ್ನದ ಡಬ್ಬಿ ತೆರೆದಾಗ ಸೊಗಡು ಮರ ಸುತ್ತಿತು. ಪಕ್ಕದ ಮರದಡಿ ಕೂತಿದ್ದ ಗುಂಪಿನವರು ಮೂಗು ಅರಳಿಸಿ ನಮ್ಮ ಕಡೆ ನೋಡಿದರು. ಅಮ್ಮ ಅವರಿಗೂ ಒಂದು ಎಲೆ ಕೊಟ್ಟು, ಅವರಿಂದ ನಾಲ್ಕು ಒಬ್ಬಟ್ಟು ತಂದಳು. ಸಿಪ್ಪೆಗೆ ಮಜ್ಜಿಗೆ ಪಡೆದವಳಿಗೆ ಇದು ದೊಡ್ಡ ವ್ಯಾಪಾರವೇನಲ್ಲ.

ಮುಳಬಾಗಿಲಿಗೆ ವಾಪಸು ಬಂದಾಗ ಸಂಜೆ ಐದು. ನಮ್ಮೂರ ಬಸ್ಸಿಗೆ ಇನ್ನೂ ಒಂದು ಗಂಟೆ. ಡಬ್ಬಿಯಲ್ಲಿ ಬಸ್ಸಿನ ದುಡ್ಡು ಬಿಟ್ಟರೆ ಸಾಸಿವೆಯ ವಾಸನೆ ಮಾತ್ರ ಇತ್ತು. ಯಾರೂ ದೋಸೆಯ ಮಾತು ಎತ್ತಲಿಲ್ಲ. ಆದರೆ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಹೋಟೆಲು. ಕಾವಲಿಯ ಮೇಲೆ ತುಪ್ಪ ಸುರಿಯುವ ಸದ್ದು ರಸ್ತೆಗೆ ಕೇಳಿಸುತ್ತಿತ್ತು. ಅಮ್ಮ ನಮ್ಮನ್ನು ರಸ್ತೆಯ ಆ ಬದಿಗೆ ದಾಟಿಸಿದಳು.

ಗಲ್ಲಾದ ಮೇಲೆ ಕೂತವನು ಆ ಬದಿಗೂ ಕೇಳುವಂತೆ ಕೂಗಿದ: "ಏನ್ ಮೇಷ್ಟ್ರೇ, ಇವತ್ತು ಒಳಕ್ಕೆ ಬರಲ್ವಾ?"

ಅಪ್ಪ ತಕ್ಷಣ ಆಕಾಶ ನೋಡಿದರು. ಆಕಾಶದಲ್ಲಿ ಏನೂ ಇರಲಿಲ್ಲ. "ಯಾರನ್ನೋ ಕರೀತಾವ್ನೆ" ಅಂದರು. ಆ ರಸ್ತೆಯಲ್ಲಿ ಆ ಹೊತ್ತಿಗೆ ನಡೆಯುತ್ತಿದ್ದ ಮೇಷ್ಟ್ರು ಅವರೊಬ್ಬರೇ. ಅಮ್ಮ ಏನೂ ಕೇಳದವಳ ಹಾಗೆ ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಮುಂದಿನ ಸಲ ತಿನ್ನೋಣ, ನಡೀರಿ" ಅಂದಳು.

ಮುಂದಿನ ಭಾನುವಾರ ನಮ್ಮ ಮುಖ ನೋಡಲಾರದೆ ಮನೆಯಲ್ಲೇ ಮುಳಬಾಗಿಲು ದೋಸೆ ಹುಯ್ದಳು. ಹಿಟ್ಟು ದಪ್ಪಗೇ ಹುಯ್ದಳು. ತುಪ್ಪವನ್ನು ಮಾತ್ರ ಚಮಚದಲ್ಲಿ ಅಳೆದಳು. ಸುರಿಯಬೇಕು ಎಂದು ಕೈ ಎತ್ತಿದರೂ ಆ ಕೈಗೆ ಅಭ್ಯಾಸ ಇರಬೇಕಲ್ಲ. ದೋಸೆ ಒಂದು ಕಡೆ ಬೆಂದು ಇನ್ನೊಂದು ಕಡೆ ಯೋಚನೆ ಮಾಡುತ್ತಾ ಕೂತಿತ್ತು. ಒಳಗೆ ಹಸಿ, ಮೇಲೆ ಕಪ್ಪು. ನಾವು ಮುಖ ಕಿವುಚಿದ್ದನ್ನು ನೋಡಿ ಅಪ್ಪ ಅಮ್ಮನ ಬೆಂಬಲಕ್ಕೆ ಬಂದರು. "ಯಾಕೆ, ಥೇಟ್ ಅದೇ ಥರ ಆಗಿದೆಯಲ್ಲ! ಅಂಚಿನಲ್ಲಿ ಇನ್ನೊಂಚೂರು ಗರಿ ಬಂದಿದ್ದರೆ ಅದೇ."

"ನಿಮಗೆ ಹೇಗೆ ಗೊತ್ತು?" ಅಂದಳು ಅಮ್ಮ.

ಅಪ್ಪ ತುತ್ತು ನುಂಗಿದರು. "ಹೇಳ್ತಾರೆ" ಅಂದರು. "ಜನ ಹೇಳೋದು ಕೇಳಿದೀನಿ."

ಅಕ್ಕ ಪಾಸಾದಳು. ಅಜ್ಜಿ ಮುಂದಿನ ವರ್ಷವೇ ಹೋದಳು, ಬೊಂತೆಯನ್ನು ನಮಗೆ ಬಿಟ್ಟು. 'ಮುಂದಿನ ಸಲ' ಬರಲೇ ಇಲ್ಲ. ಬೋರು ಕೊರೆಸಿದ್ದು, ನೀರು ಬರದಿದ್ದದ್ದು, ಅಕ್ಕನ ಮದುವೆ, ಅಪ್ಪನ ವರ್ಗ, ಒಂದರ ಹಿಂದೆ ಒಂದು ಬಂದವು. ಕುರುಡುಮಲೆ ಗಣಪತಿಗೆ ನಮಗಿಂತ ದೊಡ್ಡ ದೊಡ್ಡ ಅರ್ಜಿಗಳು ಬರುತ್ತಿದ್ದವು. 1999ರಲ್ಲಿ ಎಸ್.ಎಂ. ಕೃಷ್ಣ ಅಲ್ಲಿಂದಲೇ ಪಾಂಚಜನ್ಯ ಯಾತ್ರೆ ಹೊರಟು ಮುಖ್ಯಮಂತ್ರಿಯಾದರು. ಅದಾದ ಮೇಲೆ ಚುನಾವಣೆಗೆ ಹೊರಡುವ ಪಕ್ಷಗಳವರಿಗೆ ಆ ಹೊಸಿಲು ಇನ್ನಷ್ಟು ಹತ್ತಿರವಾಯಿತು. ಪೇಪರಿನಲ್ಲಿ ಫೋಟೋ ನೋಡಿದ ಅಮ್ಮ, "ಇಷ್ಟು ಜನಕ್ಕೆ ಊಟ ಯಾರು ಮಾಡಿಸಿದರೋ" ಅಂದಿದ್ದಳು. ಅಪ್ಪ ನಿವೃತ್ತರಾಗಿ, ಕಗ್ಗ ಓದುತ್ತಾ ಓದುತ್ತಾ ಒಂದು ಮಧ್ಯಾಹ್ನ ಪುಸ್ತಕವನ್ನು ಎದೆಯ ಮೇಲೆ ಇಟ್ಟುಕೊಂಡೇ ಹೊರಟುಹೋದರು. ಅಮ್ಮ ನನ್ನ ಜೊತೆ ಬೆಂಗಳೂರಿಗೆ ಬಂದಳು.

ಕಳೆದ ಜನವರಿಯಲ್ಲಿ ನನ್ನ ಮಗಳಿಗೆ ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಾಗ ಅಮ್ಮ ಕುರುಡುಮಲೆಯ ಮಾತೆತ್ತಿದಳು. ಎಂಬತ್ತು ದಾಟಿದವಳು ನಾಲ್ಕು ಗಂಟೆಗೇ ಎದ್ದು ಅವರೆಕಾಳಿನ ಚಿತ್ರಾನ್ನ ಮಾಡಿಬಿಟ್ಟಿದ್ದಳು. "ದಾರಿಯಲ್ಲಿ ಎಲ್ಲಾ ಸಿಗುತ್ತಮ್ಮ" ಅಂದರೆ, "ಸಿಗೋದು ಬೇರೆ, ಇರೋದು ಬೇರೆ" ಅಂದಳು. ಡಬ್ಬಿ ಹೋಗಿ ಕೂತದ್ದು ಅದೇ ವೈರಿನ ಬ್ಯಾಗಿನಲ್ಲಿ. ಹಸಿರು ಮಾಸಿತ್ತು, ಗುಲಾಬಿ ಬಿಳಿಚಿತ್ತು, ಒಂದು ಗಂಟೂ ಬಿಚ್ಚಿರಲಿಲ್ಲ.

ಟೋಲ್ ಗೇಟಿನಲ್ಲಿ ದುಡ್ಡು ತಾನಾಗಿ ಕಟ್ಟಾದದ್ದು ಕೇಳಿ ಅಮ್ಮ ಗಾಬರಿಯಾದಳು. "ಕಂಡಕ್ಟರೂ ಇಲ್ಲ, ಕೇಳೋರೂ ಇಲ್ಲ! ವಯಸ್ಸಾದೋರಿಗೆ ಅರ್ಧ ಅಂತ ಹೇಳೋದು ಯಾರಿಗೆ?" ಕೋಲಾರದ ಸುತ್ತ ಒಂದು ಕೆರೆ ತುಂಬಿ ನಿಂತದ್ದು ಕಂಡು ಕಾರು ನಿಲ್ಲಿಸು ಅಂದಳು. ನಾವು ಚಿಕ್ಕವರಿದ್ದಾಗ ಒಡೆದ ಮಣ್ಣಾಗಿ ಬಿದ್ದಿರುತ್ತಿದ್ದ ಕೆರೆಗಳು ಇವು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಇಲ್ಲಿಗೆ ಹರಿಸುತ್ತಿದ್ದಾರೆ ಎಂದು ಹೇಳಿದೆ. ಆ ನೀರಿನ ಬಗ್ಗೆ ಜಿಲ್ಲೆಯಲ್ಲಿ ಎಷ್ಟೋ ವಾದ ವಿವಾದ ನಡೆದಿದೆ. ಅಮ್ಮ ಅದನ್ನು ತನ್ನ ಲೆಕ್ಕದಲ್ಲಿ ತೂಗಿದಳು. "ನಾವು ಅಲ್ಲಿ ಪಾತ್ರೆ ತೊಳೆದ ನೀರು ಇಲ್ಲಿಗೆ ಬರುತ್ತೆ ಅನ್ನು. ಸಿಪ್ಪೆ ಹಸುವಿಗೆ ಕೊಟ್ಟ ಹಾಗೆ." ಸ್ವಲ್ಪ ಹೊತ್ತು ಬಿಟ್ಟು, "ಮಜ್ಜಿಗೆ ಬಂದರೆ ಸರಿ" ಅಂದಳು.

ಗಣಪತಿ ಹಾಗೇ ಇದ್ದ. ಚಿಕ್ಕಂದಿನಲ್ಲಿ ದೊಡ್ಡದಾಗಿ ಕಂಡದ್ದೆಲ್ಲ ಈಗ ಹೋಗಿ ನೋಡಿದರೆ ಕುಗ್ಗಿರುತ್ತದೆ. ನಮ್ಮ ಶಾಲೆ ಕುಗ್ಗಿದೆ, ಮನೆ ಕುಗ್ಗಿದೆ, ಊರಬಾವಿ ಮುಚ್ಚೇಹೋಗಿದೆ. ಅವನೊಬ್ಬ ಒಂದಂಗುಲವೂ ಇಳಿದಿರಲಿಲ್ಲ. ಅಮ್ಮನಿಗೂ ಒಂದು ಕಣ್ಣು ಈಗ ಮಂಜು. ಹೊಸಿಲ ಹತ್ತಿರ ನಿಂತು ಅವಳು ಅಜ್ಜಿಯ ಹಾಗೆ ಕೈ ಎತ್ತಲಿಲ್ಲ. "ಪರವಾಗಿಲ್ಲ, ಕಾಣ್ತಾನೆ" ಎಂದಷ್ಟೇ ಅಂದಳು.

ಬರುವಾಗ ಮುಳಬಾಗಿಲಲ್ಲಿ ಕಾರು ನಿಲ್ಲಿಸಿದೆ. ಹಳೆಯ ಹೋಟೆಲು ಎಲ್ಲಿತ್ತು ಎಂದು ಗುರುತು ಸಿಗಲಿಲ್ಲ, ಇನ್ನೊಂದಕ್ಕೆ ಹೋದೆವು. ದೋಸೆ ಬಂತು. ಅಂಗೈ ದಪ್ಪ, ಮೇಲೆ ಕೆಂಪು, ತುಪ್ಪ ತಟ್ಟೆಗೆ ಇಳಿಯುತ್ತಿತ್ತು. ಮಗಳು ಫೋಟೋ ತೆಗೆದು ಮುಗಿಸುವವರೆಗೆ ಕಾದು, ಅಮ್ಮ ತುದಿ ಮುರಿದು ಬಾಯಿಗೆ ಇಡುವ ಮೊದಲು ಮೂಗಿಗೆ ಹಿಡಿದಳು.

"ಇದೇ ವಾಸನೆ" ಅಂದಳು.

"ಯಾವ ವಾಸನೆ?"

"ನಿಮ್ಮಪ್ಪನ ಕರ್ಚೀಫಿಂದು. ಸಂಬಳ ತರೋಕೆ ಇಲ್ಲಿಗೆ ಬರ್ತಿದ್ರಲ್ಲ, ಅವತ್ತು. ಎರಡು ಸಲ ಸೋಪು ಹಚ್ಚಿದರೂ ಹೋಗ್ತಿರಲಿಲ್ಲ." ತುಂಡನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ತಂದ ಸಂಬಳದಲ್ಲೂ ಒಂದೂವರೆ ರೂಪಾಯಿ ಕಮ್ಮಿ ಇರೋದು. ಚಿಲ್ಲರೆ ಇರಲಿಲ್ಲ ಅನ್ನೋರು. ಸರ್ಕಾರದೋರ ಹತ್ರ ಪ್ರತಿ ತಿಂಗಳೂ ಅದೇ ಒಂದೂವರೆ ರೂಪಾಯಿಗೆ ಚಿಲ್ಲರೆ ಇರಲ್ವಾ?"

ನನ್ನ ಕೈ ತಟ್ಟೆಯ ಮೇಲೇ ನಿಂತಿತು. ನಲವತ್ತು ವರ್ಷದಿಂದ ಬಿಡಿಸಲಾಗದ ಸಮಾಸ ತಾನಾಗಿ ಬಿಡಿಸಿಕೊಂಡು ಎದುರಿಗೆ ಬಿದ್ದಿತ್ತು. ಮೇಷ್ಟ್ರ ದೋಸೆ. ಅಜ್ಜಿ ದೋಷ ಅಂದಿದ್ದಳು. ತಪ್ಪಿದ್ದು ಒಂದೇ ಅಕ್ಷರ.

"ಗೊತ್ತಿದ್ದೂ ಯಾಕೆ ಕೇಳಲಿಲ್ಲ ಅಜ್ಜಿ?" ಅಂದಳು ಮಗಳು. ಅವಳ ಕಾಲದಲ್ಲಿ ಗೊತ್ತಾದದ್ದನ್ನೆಲ್ಲ ಕೇಳಬೇಕು.

"ಕೇಳಿದ್ರೆ ತಿನ್ನೋದು ಬಿಡ್ತಿದ್ರು. ಮಕ್ಕಳನ್ನ ಬಿಟ್ಟು ತಿಂದೆ ಅಂತ ಅವರಿಗೆ ಮೊದಲೇ ನಾಚಿಕೆ. ಅವತ್ತು ರಾತ್ರಿ ಹಸಿವಿಲ್ಲ ಅಂತ ಅಂದ್ಕೊಂಡು ಎಲೆ ಮುಂದೆ ಕೂರ್ತಾನೇ ಇರಲಿಲ್ಲ." ಅಮ್ಮ ಚಟ್ನಿಯನ್ನು ಪಕ್ಕಕ್ಕೆ ಸರಿಸಿದಳು. "ನಾನೂ ಸುಮ್ಮನೆ ಇರಲಿಲ್ಲ. ಸಂಬಳದ ದಿನ ಮುದ್ದೆ ಒಂದು ಕಮ್ಮಿ ತೊಳಸ್ತಿದ್ದೆ. ಆ ಹಿಟ್ಟು ಉಳೀತಿತ್ತಲ್ಲ. ಲೆಕ್ಕ ಸರಿಹೋಗ್ತಿತ್ತು."

ಬಿಲ್ಲು ಬಂದಾಗ ಅಮ್ಮ ಸೊಂಟದ ಚೀಲ ಬಿಚ್ಚಿದಳು. ಬೇಡ ಅಂದರೆ ಕೇಳಲಿಲ್ಲ. "ಅವತ್ತು ನಿಮಗೆ ಹೇಳಿದ್ದು ನಾನು. ಪುಸ್ತಕದಲ್ಲಿ ಇನ್ನೂ ಬಾಕಿ ಇದೆ" ಅಂದಳು. ದೋಸೆಯ ಈಗಿನ ಬೆಲೆ ನೋಡಿ ಒಂದು ಗಳಿಗೆ ತಡೆದಳು, ಆಮೇಲೆ ಎಣಿಸಿ ಕೊಟ್ಟಳು. ಅಕ್ಕನಿಗೂ ತಮ್ಮನಿಗೂ ಒಂದೊಂದು ಕಟ್ಟಿಸಿದಳು. ಅವು ಚಿತ್ರಾನ್ನದ ಡಬ್ಬಿಯ ಪಕ್ಕ ಬ್ಯಾಗಿನಲ್ಲಿ ಕೂತವು.

ರಾತ್ರಿ ಮನೆ ಸೇರಿದಾಗ ಒಂಬತ್ತಾಗಿತ್ತು. ನನಗೆ ಹಸಿವಿರಲಿಲ್ಲ. ಹೇಳೋಣವೆಂದು ಅಡುಗೆಮನೆಗೆ ಹೋದೆ. ಅಮ್ಮ ಆಗಲೇ ಅಕ್ಕಿ ತೊಳೆದು ಒಲೆಯ ಮೇಲೆ ಇಟ್ಟಿದ್ದಳು, ದಿನಕ್ಕಿಂತ ಅರ್ಧ ಪಾವು ಕಡಿಮೆ.